ಮಾ ಯೂಫ್ರೇಜಿಯ ಗುಲಾಬಿ ಪಟ್ಟಿ

ಮಾ ಯೂಫ್ರೇಜಿಯನ್ನು ನಾನು ಮೊದಲ ಸಲ ನೋಡಿದಾಗ ಅವಳನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಿದ್ದರು.

ಸೇಂಟ್ ಲೂಸಿಯಾ ದ್ವೀಪದ ಮೊರ್ನ್ ಸಿತ್ರೋ ಎಂಬ ಈ ಗುಡ್ಡದ ಊರಿಗೆ ನಾನು ಗಣಿತದ ಮೇಷ್ಟ್ರಾಗಿ ಬಂದು ಆಗ ಹದಿನೈದು ದಿನವೂ ತುಂಬಿರಲಿಲ್ಲ. ಸಂಜೆ ಬ್ರೆಡ್ಡು ತರಲು ಹೊರಟವನು ಊರಿನ ಸಭಾಭವನದ ಮುಂದೆ ನಿಂತುಬಿಟ್ಟೆ. ಎದೆಯ ತುಂಬ ಪದಕ ಹಚ್ಚಿಕೊಂಡ ದಪ್ಪನೆಯ ಪೊಲೀಸಿನವನೊಬ್ಬ ನಲವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸೊಬ್ಬಳ ತೋಳು ಹಿಡಿದು ಒಳಗೆ ನಡೆಸಿಕೊಂಡು ಹೋದ. ಒಳಗೆ ಎತ್ತರದ ಕುರ್ಚಿಯ ಮೇಲೆ ಕಪ್ಪು ನಿಲುವಂಗಿಯ ನ್ಯಾಯಾಧೀಶರು ಕೂತಿದ್ದರು. ಆರೋಪ ಓದಿದರು: ಸಭೆಯಲ್ಲಿ ಅಪ್ಪಣೆ ಇಲ್ಲದೆ ಆಕಳಿಸಿದ್ದು.

ನನಗೆ ಆಗ ವಯಸ್ಸು ಇಪ್ಪತ್ತೊಂಬತ್ತು. ಅನ್ಯಾಯ ಕಂಡಲ್ಲಿ ಸುಮ್ಮನಿರಬಾರದು ಎಂದು ನಂಬಿದ್ದ ಕಾಲ ಅದು. ನುಗ್ಗಿ ಹೋಗಿ ಆಕಳಿಕೆ ಮನುಷ್ಯನ ಜನ್ಮಸಿದ್ಧ ಹಕ್ಕು ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಿದೆ. ಬೇಕಾದರೆ ಜಾಮೀನಿಗೆ ನಾನು ನಿಲ್ಲುತ್ತೇನೆ ಎಂದೂ ಸೇರಿಸಿದೆ. ಸಭೆ ಪೂರ್ತಿ ಕೇಳಿಸಿಕೊಂಡಿತು. ಕೊನೆಗೆ ನ್ಯಾಯಾಧೀಶರು, ಸಭೆಗೆ 'ಗುಡ್ ಈವ್ನಿಂಗ್' ಹೇಳದೆ ಒಳಗೆ ಬಂದ ಅಪರಾಧಕ್ಕೆ ನನಗೆ ಎರಡು ಬಾಟಲಿ ಶುಂಠಿ ಶರಬತ್ತಿನ ದಂಡ ಹಾಕಿದರು. ಆರೋಪಿ ಹೆಂಗಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಪೊಲೀಸಿನವನು ಮಾರನೆಯ ದಿನ ಬೇಕರಿಯಲ್ಲಿ ಹಿಟ್ಟು ನಾದುತ್ತ ಸಿಕ್ಕಿದ. ಹೆಸರು ಪ್ರೊಸ್ಪೇರ್.

ಇಲ್ಲಿ ಎಲ್ಲ ಊರಿನಲ್ಲೂ ಇರುವ ಹಾಡುಗಾರರ ಸಂಘ ಅದು, ನ್ಯಾಯಾಲಯ ಅವರ ಆಟ. ಹೂವಿನ ಹೆಸರಿನ ಸಂಘಗಳು ಎರಡು, ರೋಸ್ ಮತ್ತು ಮಾರ್ಗರೀಟ್. ಎರಡಕ್ಕೂ ಅವರವರ ರಾಜ, ರಾಣಿ, ಪೊಲೀಸು, ನರ್ಸು, ನ್ಯಾಯಾಧೀಶ. ರೋಸಿನವರದು ಗುಲಾಬಿ ಬಣ್ಣ, ಆಗಸ್ಟಿನ ಕೊನೆಗೆ ಹಬ್ಬ. ಮಾರ್ಗರೀಟಿನವರದು ನೀಲಿ, ಅಕ್ಟೋಬರ್ ಹದಿನೇಳಕ್ಕೆ ಹಬ್ಬ. ಒಂದರಲ್ಲಿರುವವರು ಇನ್ನೊಂದರ ಬಣ್ಣದ ಕರವಸ್ತ್ರವನ್ನೂ ಇಟ್ಟುಕೊಳ್ಳುವುದಿಲ್ಲ. ಎರಡು ವರ್ಷದ ಮೇಲೆ ಮಾರ್ಗರೀಟಿನ ನ್ಯಾಯಾಧೀಶರು ಮಗಳ ಮನೆಗೆಂದು ಮಾರ್ಟಿನೀಕ್‌ಗೆ ಹೊರಟುಹೋದಾಗ ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ನನ್ನ ಕಾನೂನಿನ ತಿಳಿವಳಿಕೆಗೆ ಸಂದ ಗೌರವ ಎಂದುಕೊಂಡಿದ್ದೆ. "ನಗು ಬರದೇ ಇರೋ ಮುಖ ಊರಲ್ಲಿ ಇದೊಂದೇ ಇರೋದು, ಇರಲಿ" ಅಂದಿದ್ದಳಂತೆ ಮಾ ಯೂಫ್ರೇಜಿ.

ಅವಳೇ ನಮ್ಮ ಸಂಘದ ಮುಂದಾಳು ಹಾಡುಗಾರ್ತಿ. ಹಬ್ಬದ ದಿನ ಪೂಜೆ ಮುಗಿದು ಮೆರವಣಿಗೆ ಇಗರ್ಜಿಯ ಬಾಗಿಲು ದಾಟುವಾಗ ಮೊದಲ ಹಾಡನ್ನು ಯಾರು ಎತ್ತುತ್ತಾರೋ ಅವರೇ ಮುಂದಿನ ಹಬ್ಬದವರೆಗೆ ಮುಂದಾಳು. ಇದು ನಮ್ಮ ಊರಿನ ಸಂಘದ ಕಟ್ಟಳೆ. ಹದಿನಾರು ವರ್ಷದಿಂದ ಆ ಹಾಡನ್ನು ಎತ್ತುತ್ತಿರುವವಳು ಅವಳು. ಎರಡನೆಯ ಸ್ಥಾನದಲ್ಲಿರುವ ಮಾ ಲಿಯೋನೀಸ್ ಹನ್ನೆರಡು ವರ್ಷದಿಂದ ಪ್ರತಿ ಹಬ್ಬಕ್ಕೂ ಮೊದಲು ಅವಳ ಮನೆಗೆ ಜೇನು, ನಿಂಬೆಹಣ್ಣು ಕಳಿಸಿ, "ಗಂಟಲು ಹೇಗಿದೆ ದುದು, ಏನೂ ತೊಂದರೆ ಇಲ್ಲ ತಾನೆ?" ಎಂದು ವಿಚಾರಿಸುತ್ತ ಬಂದಿದ್ದಾಳೆ; ದುದು ಅಂದರೆ ಇಲ್ಲಿನ ಮಾತಿನಲ್ಲಿ ಮುದ್ದು. ಏನೂ ತೊಂದರೆ ಇಲ್ಲ ಎಂಬ ಉತ್ತರ ಕೇಳಿ ಪ್ರತಿ ಸಲವೂ ಅವಳ ಮುಖ ಸ್ವಲ್ಪ ಇಳಿಯುತ್ತದೆ.

ಹೊಟ್ಟೆಪಾಡಿಗೆ ಯೂಫ್ರೇಜಿ ಕೆಳಗಿನ ಕಡಲತೀರದ ಲಾಂಬಿ ಬೇ ರಿಸಾರ್ಟಿನಲ್ಲಿ ರೂಮು ಸ್ವಚ್ಛ ಮಾಡುವ ಹೆಂಗಸರ ಮೇಲ್ವಿಚಾರಕಿ. ಬೆಳಿಗ್ಗೆ ಆರಕ್ಕೆ ಕೆಲಸ. ಟವೆಲನ್ನು ಹಂಸದ ಆಕಾರಕ್ಕೆ ಮಡಿಚಿ ಹಾಸಿಗೆಯ ಮೇಲೆ ಕೂರಿಸುವುದನ್ನು ಅಲ್ಲಿನ ಎಲ್ಲರಿಗೂ ಕಲಿಸಿದವಳು ಅವಳೇ. ಹೋದ ವರ್ಷ ಅವಳಿಗೆ ಅಲ್ಲಿ ಇಪ್ಪತ್ತೈದು ವರ್ಷ ತುಂಬಿತು. ಮ್ಯಾನೇಜರು ಒಳ್ಳೆಯ ಮನುಷ್ಯ. ಕೆನಡಾದಿಂದ ಬಂದು ಎರಡು ವರ್ಷವಾಗಿತ್ತು. ಎಲ್ಲರನ್ನೂ ಸೇರಿಸಿ, ಮೈಕು ಹಿಡಿದು, ಹೊಸದೊಂದು ಬಹುಮಾನ ಸಾರಿದರು. ಇಪ್ಪತ್ತೈದು ವರ್ಷ ದುಡಿದವರಿಗೆ ಗಂಡನೋ ಹೆಂಡತಿಯೋ ಜೊತೆಯಲ್ಲಿ ಅದೇ ರಿಸಾರ್ಟಿನಲ್ಲಿ ಏಳು ದಿನ ಅತಿಥಿಗಳಾಗಿ ವಾಸ. ಊಟ, ಪಾನೀಯ, ದಿನಕ್ಕೊಂದು ಪ್ರವಾಸ, ಎಲ್ಲ ಸೇರಿ. ನಡುವೆ ಬಿಟ್ಟು ಹೋಗುವ ಹಾಗಿಲ್ಲ. ಹೊಸ ಜಾಹೀರಾತಿಗೆ ಫೋಟೋ ಕೂಡ. ಚಂಡಮಾರುತದ ತಿಂಗಳಲ್ಲಿ ರೂಮುಗಳು ಖಾಲಿ ಬಿದ್ದಿರುವುದರಿಂದ ದಿನವನ್ನೂ ಅವರೇ ಗೊತ್ತುಮಾಡಿದ್ದರು. ಅಕ್ಟೋಬರ್ ಹದಿಮೂರರಿಂದ ಇಪ್ಪತ್ತು.

ಯೂಫ್ರೇಜಿ ಕೈಯೆತ್ತಿದಳು. "ಆ ವಾರ ನನಗಾಗಲ್ಲ ಸಾರ್."

ಮ್ಯಾನೇಜರು ಅದನ್ನು ವಿನಯ ಎಂದು ತಿಳಿದರು. ಎಲ್ಲರಿಗೂ ಇನ್ನೊಮ್ಮೆ ಜೋರಾಗಿ ಚಪ್ಪಾಳೆ ತಟ್ಟಲು ಹೇಳಿದರು.

ಅವತ್ತು ಸಂಜೆ ಅವಳ ಮನೆಯ ಜಗುಲಿಯಲ್ಲಿ ಪಂಚಾಯಿತಿ ಕೂತಿತು. ಜೊತೆಗೆ ಕೆಲಸ ಮಾಡುವ ವೆರ್ನೇಟಾ ಬಂದಿದ್ದಳು. ಅವಳಿಗೆ ಅಲ್ಲಿ ಇಪ್ಪತ್ನಾಲ್ಕು ವರ್ಷ.

"ನೀನು ಬೇಡ ಅಂದ್ರೆ ಈ ಬಹುಮಾನಾನೇ ಎತ್ತಿಬಿಡ್ತಾರೆ ಯೂಫ್ರೇಜಿ" ಅಂದಳು ವೆರ್ನೇಟಾ. "ಜನಕ್ಕೆ ಬೇಡ ಅಂತ ಬರ್ಕೊಂಡುಬಿಡ್ತಾರೆ ಅಷ್ಟೇ. ಮುಂದಿನ ವರ್ಷ ನನ್ನ ಸರದಿ. ಈಜೋ ಬಟ್ಟೆ ಆಗ್ಲೇ ತಗೊಂಡಿದೀನಿ."

"ನಿನಗೆ ಈಜು ಬರತ್ತಾ?"

"ಬಟ್ಟೆ ತಗೊಂಡಿದೀನಿ ಅಂದೆ. ಈಜ್ತೀನಿ ಅಂದ್ನಾ?"

ಯೂಫ್ರೇಜಿಯ ಗಂಡ ಕ್ಲೀಟಸ್ ಆಗಲೇ ಪೇಟೆಗೆ ಹೋಗಿ ಬಿಳಿಯ ಟೋಪಿಯೊಂದನ್ನು ತಂದಿದ್ದ. ಮೂವತ್ತು ವರ್ಷ ಮೀನು ಹಿಡಿದು ದೋಣಿ ಮಾರಿದ ಮನುಷ್ಯ. ಅವನು ರೋಸ್ ಸಂಘದವನು. ಬರೀ ಸದಸ್ಯನಲ್ಲ, ಐದು ವರ್ಷದಿಂದ ಅದರ ರಾಜ. ರಟ್ಟಿಗೆ ಚಿನ್ನದ ಕಾಗದ ಅಂಟಿಸಿದ ಅವನ ಕಿರೀಟವನ್ನು ವರ್ಷ ವರ್ಷ ರಿಪೇರಿ ಮಾಡುವವಳು ಮಾತ್ರ ಎದುರು ಸಂಘದ ಈ ಹೆಂಡತಿ. ರಾಜನಾದ ಮೇಲೆ ಕ್ಲೀಟಸ್ ಕೋಳಿಗೆ ಕಾಳು ಹಾಕುವಾಗಲೂ ಬೆನ್ನು ಬಾಗಿಸಿದ್ದನ್ನು ನಾನು ನೋಡಿಲ್ಲ.

"ಒಂದು ವರ್ಷ ಹಾಡದಿದ್ರೆ ಸಮುದ್ರ ಒಣಗಲ್ಲ" ಅಂದ ಅವನು, ಟೋಪಿಯನ್ನು ಮೊಣಕಾಲಿನ ಮೇಲಿಟ್ಟು ಸವರುತ್ತ. "ಲಿಯೋನೀಸ್ ಎತ್ತಲಿ. ನಮಗೂ ಕೇಳಿ ನಗೋಕೆ ಒಂದು ಅವಕಾಶ."

"ಲಿಯೋನೀಸ್ ಒಂದ್ಸಲ ಎತ್ತಿದ್ರೆ ಇಳಿಸಲ್ಲ" ಅಂದಳು ಯೂಫ್ರೇಜಿ. "ಅವಳಿಗೆ ಎಪ್ಪತ್ತಾಗೋವರೆಗೂ ನಾನು ಹಿಂದಿನ ಸಾಲಲ್ಲಿ ನಿಂತು ಬಾಯಿ ಆಡಿಸ್ಬೇಕು. ನೀವೇನಂತೀರಿ ಮೇಷ್ಟ್ರೇ?"

ಹದಿನೇಳು ವರ್ಷ ನ್ಯಾಯಾಧೀಶನಾಗಿದ್ದವನು ನಾನು. ಗಂಟಲು ಸರಿಮಾಡಿಕೊಂಡು, ವಿಶ್ರಾಂತಿಯೂ ಮನುಷ್ಯನಿಗೆ ಅಗತ್ಯ ಎಂದು ತೀರ್ಪು ಕೊಟ್ಟೆ. ಅವಳು ನನ್ನನ್ನೊಮ್ಮೆ, ಆ ಟೋಪಿಯನ್ನೊಮ್ಮೆ, ವೆರ್ನೇಟಾಳನ್ನೊಮ್ಮೆ ನೋಡಿ ಒಳಗೆ ಹೋದಳು. ಹಬ್ಬಕ್ಕೆ ಹೋಗಬೇಡ ಎಂದು ತಡೆದ ಹೊರಗಿನವರು ಯಾರೂ ಇರಲಿಲ್ಲ. ಎಲ್ಲರೂ ಅವಳ ಒಳ್ಳೆಯದಕ್ಕೇ ಮಾತಾಡಿದ್ದೆವು. ಅದರಿಂದಲೇ ಅವಳಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲದಂತಾಯಿತು.

ಹದಿಮೂರನೆಯ ತಾರೀಕು ಭಾನುವಾರ ನನ್ನ ಕಾರಿನಲ್ಲಿ ಅವರಿಬ್ಬರನ್ನೂ ಬಿಟ್ಟು ಬಂದೆ. ಸ್ವಾಗತದ ಮೇಜಿನಲ್ಲಿ ಯೂಫ್ರೇಜಿಯ ಅಕ್ಕನ ಮಗಳೇ ಕೂತಿದ್ದಳು. ಅತಿಥಿಗಳ ಮಣಿಕಟ್ಟಿಗೆ ಹಾಕುವ ಪ್ಲಾಸ್ಟಿಕ್ ಪಟ್ಟಿಯನ್ನು ತೆಗೆದಳು. ಅಚ್ಚ ಗುಲಾಬಿ ಬಣ್ಣ.

"ನೀಲಿ ಇಲ್ವೇನೇ?"

"ನೀಲಿ ಮಕ್ಕಳದು ತಾಂತಿ" ಅಂದಳು ಹುಡುಗಿ. ಚಿಕ್ಕಮ್ಮನಿಗೆ ಇಲ್ಲಿ ತಾಂತಿ ಅನ್ನುತ್ತಾರೆ.

"ಹಂಗಾದ್ರೆ ಮಕ್ಕಳದೇ ಹಾಕು."

"ಮಕ್ಕಳ ಪಟ್ಟಿ ತೋರಿಸಿದ್ರೆ ರಮ್ ಕೊಡಲ್ಲ" ಅಂದ ಕ್ಲೀಟಸ್, ತನ್ನ ಕೈ ಮುಂದೆ ಚಾಚಿ. "ಸುಮ್ನೆ ಹಾಕಿಸ್ಕೊ. ಮೂವತ್ನಾಲ್ಕು ವರ್ಷ ಸಂಸಾರ ಮಾಡಿದ್ಮೇಲೆ ಕೊನೆಗೂ ನಮ್ಮ ಸಂಘದ ಬಣ್ಣಕ್ಕೆ ಬಂದೆ."

ಪಟ್ಟಿ ಚಟ್ಟನೆ ಕೂತುಕೊಂಡಿತು. ಬಿಚ್ಚಲು ಬರುವಂಥದ್ದಲ್ಲ, ಕತ್ತರಿಯಲ್ಲೇ ಕತ್ತರಿಸಬೇಕು. ಯೂಫ್ರೇಜಿ ಎಡಗೈಯನ್ನು ಹಿಂದಕ್ಕೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು.

ಆ ವಾರದ ಕಥೆ ನನಗೆ ಅವರಿಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ಸಿಕ್ಕಿದೆ. ಎರಡರಲ್ಲೂ ಒಂದೇ ಥರ ಇರುವುದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಕೊಟ್ಟ ರೂಮು ಇನ್ನೂರ ಹದಿನಾಲ್ಕು. ಅದನ್ನು ಅವಳು ಎಷ್ಟು ಸಾವಿರ ಸಲ ಗುಡಿಸಿದ್ದಳೋ. ಕಿಟಕಿಗಳು ಬಣ್ಣ ಬಳಿದು ಅಂಟಿಕೊಂಡಿವೆ, ತೆರೆಯುವುದಿಲ್ಲ ಎಂಬುದು ಅವಳಿಗೆ ಗೊತ್ತು. ತಣ್ಣನೆಯ ಗಾಳಿಯ ಯಂತ್ರ ಪೂರ್ತಿ ಆರುವುದಿಲ್ಲ ಎಂಬುದೂ ಗೊತ್ತು, ಆ ದೂರನ್ನು ಅವಳೇ ಏಳು ಸಲ ಬರೆದುಕೊಟ್ಟಿದ್ದಳು. ಎರಡು ಕಂಬಳಿ ಹೊದ್ದು ಕೂತಳು. ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಯಿತು, ಮಾಡಲು ಏನೂ ಇರಲಿಲ್ಲ. ಹಾಸಿಗೆ ಸರಿಮಾಡಿದಳು. ಬಚ್ಚಲು ಉಜ್ಜಿದಳು. ಕನ್ನಡಿ ಒರೆಸಿದಳು. ಎಂಟು ಗಂಟೆಗೆ ರೂಮು ಮಾಡಲು ಬಂದ ವೆರ್ನೇಟಾ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟಳು.

"ಮೇಡಂ, ನಮ್ಮ ಕೆಲಸ ಸರಿ ಇಲ್ಲ ಅಂತ ತೋರಿಸ್ತಾ ಇದೀರಾ?"

"ಮೇಡಂ ಅನ್ಬೇಡ ಕಣೇ. ಅಭ್ಯಾಸ ಬಲ."

"ಕೈಯಲ್ಲಿ ಪಟ್ಟಿ ಇರೋವರೆಗೂ ನೀವು ಮೇಡಮ್ಮೇ. ಹೋಗಿ, ಬಿಸಿಲಲ್ಲಿ ಮಲಕ್ಕೊಳ್ಳಿ." ಹೀಗೆಂದು ವೆರ್ನೇಟಾ ಸರಿಮಾಡಿದ ಹಾಸಿಗೆಯನ್ನು ಕಿತ್ತು ಮತ್ತೆ ಹಾಸಿದಳು. ಹೋಗುವಾಗ ಬೇಕೆಂದೇ ಕತ್ತು ಸೊಟ್ಟಗಿರುವ ಹಂಸವೊಂದನ್ನು ಮಾಡಿಟ್ಟಳು. ಯೂಫ್ರೇಜಿ ಬಾಗಿಲು ಹಾಕಿಕೊಂಡು ಅದರ ಕತ್ತು ನೆಟ್ಟಗೆ ಮಾಡಿದಳು.

ಕೆಲಸದವರ ಊಟದ ಮನೆಯಲ್ಲಿ ಅವತ್ತು ಹಸಿ ಬಾಳೆಕಾಯಿ, ಉಪ್ಪುಮೀನು. ವಾಸನೆ ಹಿಡಿದು ಹಿಂದಿನ ಬಾಗಿಲಿಗೆ ಹೋದರೆ ಅಡುಗೆಯವನು ಕೈಮುಗಿದ. ಅತಿಥಿಗಳಿಗೆ ಈ ಕಡೆ ಪ್ರವೇಶವಿಲ್ಲ. ಮುಂದಿನ ಊಟದ ಸಾಲೆಯಲ್ಲಿ ಕೂತವರಿಗೆಲ್ಲ ಅವಳು ವಾಡಿಕೆಯಂತೆ 'ಗುಡ್ ಮಾರ್ನಿಂಗ್' ಹೇಳುತ್ತ ಬಂದಳು. ಮೂರನೆಯ ಮೇಜಿನವರು ಅವಳಿಗೆ ಇನ್ನೊಂದು ಕಪ್ ಕಾಫಿ ತರಲು ಹೇಳಿದರು. ತಂದುಕೊಟ್ಟಳು.

ಸೋಮವಾರ ಸುಫ್ರಿಯೇರ್‌ನ ಗಂಧಕದ ಬುಗ್ಗೆಗಳಿಗೆ ಪ್ರವಾಸ. ಬಿಸಿ ಕೆಸರನ್ನು ಮೈಗೆಲ್ಲ ಬಳಿದುಕೊಂಡರೆ ಹತ್ತು ವರ್ಷ ಚಿಕ್ಕವರಾಗುತ್ತಾರೆ ಎಂದು ಅಲ್ಲಿ ಹೇಳುತ್ತಾರೆ. ಕ್ಲೀಟಸ್ ಇಪ್ಪತ್ತು ವರ್ಷಕ್ಕೆ ಆಗುವಷ್ಟು ಬಳಿದುಕೊಂಡ. ಯೂಫ್ರೇಜಿಗೂ ಬಳಿದರು. ತೊಳೆದುಕೊಂಡ ಮೇಲೆ ಗೈಡು ಎಲ್ಲರಿಗೂ ರಿಸಾರ್ಟಿನ ಬಿಳಿಯ ಟವೆಲು ಹಂಚಿದ. ಅವಳು ಮಾತ್ರ ಮುಟ್ಟಲಿಲ್ಲ.

"ತಗೊಳಿ ಅಮ್ಮ, ಮೈ ಒರೆಸ್ಕೊಳಿ."

"ಈ ಕೆಸರು ಬಿಳಿ ಟವೆಲಿಗೆ ಹತ್ತಿದ್ರೆ ಸಾಯೋವರೆಗೂ ಹೋಗಲ್ಲಪ್ಪ. ಮೂರು ಸಲ ಕುದಿಸ್ಬೇಕು, ಆಗಲೂ ಹಳದಿ ಉಳಿಯತ್ತೆ. ನಾನು ಹಂಗೇ ಒಣಗ್ತೀನಿ."

ಹಾಗೇ ಒಣಗಿದಳು. ಗಂಟೆಗಟ್ಟಲೆ ಬಸ್ಸಿನಲ್ಲಿ ಕಿವಿಯ ಹಿಂದೆ ಬಿರುಕುಬಿಟ್ಟ ಕೆಸರಿನೊಂದಿಗೆ ಸೀಟಿನ ತುದಿಯಲ್ಲಿ, ಎಲ್ಲಿಯೂ ತಾಗದಂತೆ ನೆಟ್ಟಗೆ ಕೂತು ಬಂದಳು. ಸೀಟಿನ ಬಟ್ಟೆಯನ್ನು ಒಗೆಯುವವರು ಯಾರು ಎಂಬುದೂ ಅವಳಿಗೆ ಗೊತ್ತಿತ್ತು.

ಮಂಗಳವಾರ ದೊಡ್ಡ ಹಾಯಿದೋಣಿಯಲ್ಲಿ ಪಿಟೋನ್ ಬೆಟ್ಟಗಳನ್ನು ನೋಡಲು. ಆ ದೋಣಿ ನಡೆಸುವವನು ಒಂದು ಕಾಲಕ್ಕೆ ಕ್ಲೀಟಸ್‌ನ ಕೈಕೆಳಗೆ ಬಲೆ ಎಳೆದವನು. ಈಗ ಅವನು ಕ್ಲೀಟಸ್‌ಗೆ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಡಿಸಿ, ಗುಂಡಿ ಹಾಕಿ, ಅಲೆ ಬಂದರೆ ಹೆದರಬಾರದೆಂದು ಹೇಳಿಕೊಟ್ಟ. "ಅಲೆ ಅಂದ್ರೆ ಏನು ಅಂತ ನಿನಗೆ ತೋರಿಸಿದವನು ನಾನು" ಅಂದನಂತೆ ಕ್ಲೀಟಸ್. "ಹೌದು ಬಾಸ್, ಆದ್ರೆ ಈ ಅಂಗಿ ಹಾಕದೇ ಇದ್ರೆ ನನ್ನ ಕೆಲಸ ಹೋಗತ್ತೆ, ದಯವಿಟ್ಟು" ಅಂದನಂತೆ ಅವನು. ರಾಜರು ಅದನ್ನು ತೊಟ್ಟು, ಟೋಪಿಯನ್ನು ಗಾಳಿಗೆ ಕಳೆದುಕೊಳ್ಳದಂತೆ ಒತ್ತಿ ಹಿಡಿದು, ದೋಣಿಯ ಮಧ್ಯದಲ್ಲಿ ಕೂತು ಬಂದರು. ದಡದ ಕಡೆ ಮೊರ್ನ್ ಸಿತ್ರೋದ ಇಗರ್ಜಿಯ ಶಿಖರ ಒಂದು ಕ್ಷಣ ಕಂಡಿತು. ಯೂಫ್ರೇಜಿ ಅದು ಮರೆಯಾಗುವವರೆಗೂ ಅತ್ತಲೇ ನೋಡುತ್ತಿದ್ದಳು. ಆ ಹೊತ್ತಿಗೆ ಕೆಳಗೆ ಸಭಾಭವನದಲ್ಲಿ ಲಿಯೋನೀಸ್ ಅಭ್ಯಾಸ ನಡೆಸುತ್ತಿದ್ದಳು, ನಾವೆಲ್ಲ ಅವಳ ಎತ್ತರದ ಶ್ರುತಿಗೆ ಹತ್ತಲಾರದೆ ಕೆಮ್ಮುತ್ತಿದ್ದೆವು.

ಅವತ್ತು ಸಂಜೆ ಯೂಫ್ರೇಜಿ ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಮೊದಲ ಹಾಡನ್ನು ಮೆಲ್ಲಗೆ ಒಮ್ಮೆ ಹೇಳಿಕೊಂಡಳು. ಫೋನು ಬಂತು. ಅಕ್ಕನ ಮಗಳು.

"ತಾಂತಿ, ಬೇಜಾರ್ ಮಾಡ್ಕೋಬೇಡ. ಪಕ್ಕದ ರೂಮಿನವರು ದೂರು ಕೊಟ್ಟಿದಾರೆ. ಪೈಪು ಕೂಗ್ತಾ ಇದೆ ಅಂತ."

ಅವಳು ನಲ್ಲಿ ನಿಲ್ಲಿಸಿದಳು.

ಬುಧವಾರ ಶಾಲೆ ಬಿಟ್ಟ ಮೇಲೆ ನಾನು ಅವರನ್ನು ನೋಡಲು ಕಡಲತೀರಕ್ಕೆ ಹೋದೆ. ತೀರ ಎಲ್ಲರದ್ದೇ, ಆದರೆ ರಿಸಾರ್ಟಿನವರು ಅಲ್ಲೊಂದು ಹಗ್ಗ ಕಟ್ಟಿ ಕಾವಲುಗಾರನನ್ನು ನಿಲ್ಲಿಸಿದ್ದಾರೆ. ಹಗ್ಗದ ಈಚೆ ನಾನು ನಿಂತೆ, ಆಚೆ ಕ್ಲೀಟಸ್ ಬಂದ. ಬಿಳಿಯ ಟೋಪಿ ಇರಲಿಲ್ಲ. ಬೆನ್ನು ಸ್ವಲ್ಪ ಬಾಗಿತ್ತು.

"ಎಲ್ಲಿ ಅವಳು?"

"ರೂಮಲ್ಲಿ. ಚಾಕೊಲೇಟ್ ತೋಟಕ್ಕೆ ಬಾ ಅಂದ್ರೆ ಬರಲಿಲ್ಲ. ಟವೆಲ್ ಮಡಿಚ್ತಾ ಕೂತಿದಾಳೆ. ಹನ್ನೊಂದು ಹಂಸ ಆಗಿದೆ ಮೇಷ್ಟ್ರೇ, ಕೂರೋಕೆ ಜಾಗ ಇಲ್ಲ."

"ಊಟ?"

"ಊಟ ಇದೆ. ಐದು ಥರ ಮಾಂಸ ಇದೆ, ಒಂದಕ್ಕೂ ಖಾರ ಇಲ್ಲ. ನಂಗೆ ಸುಟ್ಟ ಜೀಗುಜ್ಜೆ ಕನಸಲ್ಲಿ ಬಂತು." ಸ್ವಲ್ಪ ಹೊತ್ತು ಮರಳನ್ನು ಕಾಲಿನಿಂದ ಕೆದಕಿದ. "ಅದು ಬಿಡಿ. ಅವಳು ಹಾಡ್ತಿಲ್ಲ."

"ದೂರು ಕೊಟ್ರಂತಲ್ಲ."

"ಮೂವತ್ನಾಲ್ಕು ವರ್ಷ ನಾನೂ ದೂರು ಕೊಟ್ಟಿದೀನಿ. ಬೆಳಿಗ್ಗೆ ನಾಲ್ಕೂವರೆಗೆ ಗುಂಯ್ ಅಂತ ಶುರು ಮಾಡ್ತಾಳೆ, ಅದೂ ಆ ಮಾರ್ಗರೀಟ್ ಹಾಡು. ತಲೆದಿಂಬಲ್ಲಿ ಕಿವಿ ಮುಚ್ಕೋತಿದ್ದೆ. ಒಂದು ದಿನಾನೂ ನಿಲ್ಲಿಸಿರಲಿಲ್ಲ. ಇವತ್ತು ನಾಲ್ಕೂವರೆಗೆ ಎಚ್ಚರ ಆಯ್ತು ನಂಗೆ. ಏನೂ ಸದ್ದಿಲ್ಲ. ಉಸಿರಾಡ್ತಿದಾಳಾ ಅಂತ ಮೂಗಿನ ಹತ್ರ ಕೈ ಇಟ್ಟು ನೋಡ್ದೆ."

ವಿಶ್ರಾಂತಿಯ ಬಗ್ಗೆ ಅಂದಿನ ನನ್ನ ತೀರ್ಪು ನನಗೆ ನೆನಪಾಯಿತು.

"ನಾಳೆಯ ಪ್ರವಾಸ ಎಲ್ಲಿಗೆ ಗೊತ್ತಾ?" ಅಂದ. "'ಹಳ್ಳಿಯ ಸಂಸ್ಕೃತಿ ದರ್ಶನ.' ನಮ್ಮೂರಿಗೇ. ಬಸ್ಸಲ್ಲಿ ಕೂತು ಕಿಟಕಿಯಿಂದ ಮೆರವಣಿಗೆ ನೋಡ್ಬೇಕಂತೆ. ಇಳಿಯೋ ಹಾಗಿಲ್ಲ. ಹದಿನೆಂಟು ತಲೆ ತಂದ್ರೆ ಹದಿನೆಂಟು ತಲೆ ವಾಪಸ್ ಒಪ್ಪಿಸ್ಬೇಕಂತೆ ಗೈಡು. ಅವಳಾಗೇ ಇಳಿದು ಹೋದ್ರೆ ವೆರ್ನೇಟಾ ಬಹುಮಾನಕ್ಕೆ ಕಲ್ಲು ಬಿತ್ತು. ಅದಕ್ಕೇ ಇಳಿಯಲ್ಲ ಅಂತಾಳೆ. ಕಿಟಕಿಯ ಪರದೆ ಎಳ್ಕೊಂಡು ಕೂತಿರ್ತಾಳಂತೆ."

ಕಾವಲುಗಾರ ನಮ್ಮ ಕಡೆ ನೋಡಿದ. ಕ್ಲೀಟಸ್ ದನಿ ತಗ್ಗಿಸಿದ. ಬೆನ್ನನ್ನು ಮತ್ತೆ ನೆಟ್ಟಗೆ ಮಾಡಿಕೊಂಡ.

"ನಾನೊಂದು ಕೇಸು ತಂದಿದೀನಿ."

"ಯಾರ ಮೇಲೆ?"

"ನನ್ನ ಹೆಂಡತಿ ಮೇಲೆ. ಮಾರ್ಗರೀಟ್ ಹಬ್ಬದ ವಾರದಲ್ಲಿ ಮೈಮೇಲೆ ಗುಲಾಬಿ ಬಣ್ಣ ಧರಿಸಿದಾಳೆ. ನಾಲ್ಕು ದಿನದಿಂದ. ನಿಮ್ಮ ಕಾನೂನಲ್ಲಿ ಅದು ಅಪರಾಧ ಹೌದೋ ಅಲ್ವೋ?"

"ದೊಡ್ಡ ಅಪರಾಧ."

"ಹಂಗಾದ್ರೆ ಹಿಡ್ಕೊಂಡು ಹೋಗಿ. ಅವಳಾಗೇ ಇಳಿಯೋದು ಬೇರೆ, ಪೊಲೀಸರು ಎಳ್ಕೊಂಡು ಹೋಗೋದು ಬೇರೆ."

ರೋಸಿನ ರಾಜನೊಬ್ಬ ಮಾರ್ಗರೀಟಿನ ನ್ಯಾಯಾಲಯದ ಮುಂದೆ ಬಂದು ಬೇಡಿದ್ದು ಈ ಊರಿನಲ್ಲಿ ಯಾರೂ ಕೇಳಿರದ ಸಂಗತಿ. ಅವನಿಗೂ ಅದು ಗೊತ್ತಿತ್ತು. "ನಮ್ಮ ಸಂಘದವರಿಗೆ ಹೇಳ್ಬೇಡಿ" ಅಂದು ತಿರುಗಿ ಹೋದ.

ಗುರುವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಪೂಜೆ ಮುಗಿಯಿತು. ಬಸ್ಸು ಬಂದಿರಲಿಲ್ಲ. ಗೈಡು ದಾರಿಯಲ್ಲಿ ಬಾಳೆತೋಟದ ಮುಂದೆ ನಿಲ್ಲಿಸಿ ಎಲ್ಲರ ಫೋಟೋ ತೆಗೆಸುತ್ತಿದ್ದನೆಂದು ಆಮೇಲೆ ಗೊತ್ತಾಯಿತು. ನೀಲಿ ಬಟ್ಟೆಯ ರಾಜ ರಾಣಿಯರು ಇಗರ್ಜಿಯ ಒಳಗೆ ಸಾಲು ಹಿಡಿದು ನಿಂತರು. ಲಿಯೋನೀಸ್ ಬಾಗಿಲಿಗೆ ಬಂದು ಎದೆ ತುಂಬ ಉಸಿರೆಳೆದುಕೊಂಡಳು.

"ನಿಲ್ಲಿ" ಅಂದೆ ನಾನು. "ಬಾಕಿ ಕೇಸುಗಳಿವೆ."

ಹೊಸ್ತಿಲಿನ ಮೇಲೆ ನನ್ನ ಕುರ್ಚಿ ಹಾಕಿಸಿ ಬಾಗಿಲಿಗೆ ಅಡ್ಡವಾಗಿ ಕೂತೆ. ರಾಜನ ಕಿರೀಟ ಎಡಕ್ಕೆ ವಾಲಿದೆ ಎಂದು ವಿಚಾರಣೆ ನಡೆಸಿದೆ. ನರ್ಸೊಬ್ಬಳು ಪೂಜೆಯಲ್ಲಿ ತೂಕಡಿಸಿದಳೆಂದು ಸಾಕ್ಷಿ ಕರೆಸಿದೆ. ಪಾದ್ರಿಗಳ ಉಪದೇಶ ಉದ್ದವಾಯಿತೆಂದು ಅವರ ಮೇಲೂ ಒಂದು ಆರೋಪ ಹೊರಿಸಿದೆ, ಅವರು ತಪ್ಪೊಪ್ಪಿಕೊಂಡುಬಿಟ್ಟರು, ಅದರಿಂದ ಹೊತ್ತು ಕಳೆಯಲಿಲ್ಲ. ಲಿಯೋನೀಸಿನ ಉಸಿರು ನಾಲ್ಕು ಸಲ ಒಳಗೆ ಹೋಗಿ ನಾಲ್ಕು ಸಲ ಹೊರಗೆ ಬಂತು.

"ಮೇಷ್ಟ್ರೇ, ನಿಮಗೇನು ಮಂಕು ಕವಿದಿದೆಯಾ? ಬಿಸಿಲು ಏರ್ತಾ ಇದೆ."

"ನ್ಯಾಯಾಲಯಕ್ಕೆ ಮಂಕು ಅಂದಿದ್ದಕ್ಕೆ ಇನ್ನೊಂದು ಕೇಸು" ಅಂದೆ.

ಅಷ್ಟರಲ್ಲಿ ಬಸ್ಸು ಚೌಕದ ಆಚೆ ಬಂದು ನಿಂತಿತು. ಎರಡನೆಯ ಕಿಟಕಿಯ ಪರದೆ ಪೂರ್ತಿ ಎಳೆದಿತ್ತು.

ಪ್ರೊಸ್ಪೇರ್ ಪದಕಗಳನ್ನು ಸರಿಮಾಡಿಕೊಂಡು ಬಸ್ಸು ಹತ್ತಿದ. ಹಿಂದೆಯೇ ನಾನೂ ಹೋದೆ.

"ಯೂಫ್ರೇಜಿಯಾ ಹಿಪ್ಪೊಲಿಟ್ ಯಾರು?"

ಕೇಳಿದವನು ಪ್ರೊಸ್ಪೇರ್, ಹತ್ತೊಂಬತ್ತು ವರ್ಷದಿಂದ ವಾರಕ್ಕೆರಡು ಸಲ ಅವಳಿಗೆ ಬ್ರೆಡ್ಡು ಕೊಡುವವನು.

"ಏನಯ್ಯ ನಿಂದು?" ಅಂದಳು ಅವಳು.

"ಎಡಗೈ ತೋರಿಸಿ."

ಅವಳು ಕೈಯನ್ನು ಸೆರಗಿನಂತೆ ಹೊದ್ದಿದ್ದ ಶಾಲಿನೊಳಗೆ ಎಳೆದುಕೊಂಡಳು. ಆಮೇಲೆ ಗಂಡನನ್ನು ನೋಡಿದಳು. ಕ್ಲೀಟಸ್ ಕಿಟಕಿಯ ಹೊರಗೆ ಒಂದು ಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವಳು ನಿಧಾನವಾಗಿ ಕೈ ಹೊರಗೆ ತೆಗೆದಳು.

"ಗುಲಾಬಿ" ಅಂದ ಪ್ರೊಸ್ಪೇರ್. "ನಡೀರಿ."

ಗೈಡು ಅಡ್ಡ ಬಂದ. ಈ ದ್ವೀಪದವನೇ, ಅವನ ಅಜ್ಜಿಯೂ ರೋಸಿನವಳು, ಅವನಿಗೆ ಎಲ್ಲ ಅರ್ಥವಾಗಿತ್ತು. "ಅಣ್ಣಾ, ನಾನು ಅತಿಥಿಗಳನ್ನ ಇಳಿಸೋ ಹಾಗಿಲ್ಲ. ತಲೆ ಲೆಕ್ಕ ಕೊಡ್ಬೇಕು."

"ನೀನು ಎಲ್ಲಿ ಇಳಿಸ್ತಿದೀಯ? ನಾನು ಬಂಧಿಸ್ತಿದೀನಿ."

"ಮ್ಯಾನೇಜರ್ ಕೇಳಿದ್ರೆ?"

ನಾನು ಜೇಬಿನಿಂದ ಕಾಗದ ತೆಗೆದು, ಒಂದು ಹೆಂಗಸು, ಸುಸ್ಥಿತಿಯಲ್ಲಿ, ನ್ಯಾಯಾಲಯದ ವಶಕ್ಕೆ ಎಂದು ರಸೀದಿ ಬರೆದು ಸಹಿ ಹಾಕಿಕೊಟ್ಟೆ. ಅವನು ಓದಿ, ನಾಲ್ಕಾಗಿ ಮಡಿಚಿ ಇಟ್ಟುಕೊಂಡು ದಾರಿ ಬಿಟ್ಟ. ಮುಂದಿನ ಸೀಟಿನ ಅತಿಥಿ ಹೆಂಗಸೊಬ್ಬಳು ಎದ್ದು ನಿಂತು, ಇದು ಘೋರ ಅನ್ಯಾಯ, ಜಾಮೀನಿಗೆ ತಾನು ನಿಲ್ಲುತ್ತೇನೆ, ಇವರು ಮೊನ್ನೆ ತನಗೆ ಕಾಫಿ ತಂದುಕೊಟ್ಟವರು ಎಂದಳು. ಆ ದನಿಯನ್ನು ನಾನು ಎಲ್ಲೋ ಕೇಳಿದ ಹಾಗಿತ್ತು. ಅವಳಿಗೆ ದಂಡ ಹಾಕಲು ನನಗೆ ಮನಸ್ಸಾಗಲಿಲ್ಲ.

ಮೆಟ್ಟಿಲ ಮೇಲೆ ವಿಚಾರಣೆ ಅರ್ಧ ನಿಮಿಷ ನಡೆಯಿತು. ಆರೋಪಿ ತಪ್ಪೊಪ್ಪಿಕೊಂಡಳು. ಶಿಕ್ಷೆ: ಪಟ್ಟಿ ಕತ್ತರಿಸುವುದು, ಸಂಜೆಯವರೆಗೆ ಹಾಡುವುದು. ಸಂಘದ ನರ್ಸು ಕತ್ತರಿ ತಂದಳು. ಪಟ್ಟಿ ನೆಲಕ್ಕೆ ಬಿತ್ತು. ಯಾರದೋ ನೀಲಿ ಶಾಲು ಯೂಫ್ರೇಜಿಯ ಹೆಗಲಿಗೆ ಬಂತು.

ಲಿಯೋನೀಸ್ ಬಾಗಿಲಿನಲ್ಲಿ ಇನ್ನೂ ನಿಂತಿದ್ದಳು. ಐದನೆಯ ಉಸಿರು ಅವಳ ಎದೆಯಲ್ಲೇ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಗಂಟಲು ಹೇಗಿದೆ ದುದು?" ಅಂದಳು ಲಿಯೋನೀಸ್.

"ಎರಡು ದಿನದಿಂದ ಉಪಯೋಗಿಸಿಲ್ಲ" ಅಂದಳು ಯೂಫ್ರೇಜಿ. "ನೋಡೋಣ."

ಲಿಯೋನೀಸ್ ಉಸಿರು ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಆ ಒಂದು ಹೆಜ್ಜೆಗಾಗಿ ಅವಳ ಮೇಲಿದ್ದ ಕೇಸನ್ನು ನಾನು ವಜಾ ಮಾಡಿದೆ.

ಮೊದಲ ಸಾಲು ಸ್ವಲ್ಪ ಒಡೆದು ಬಂತು. ಎರಡನೆಯದರಲ್ಲಿ ದನಿ ಸಿಕ್ಕಿತು. ಮೂರನೆಯದಕ್ಕೆ ನಾವೆಲ್ಲ ಸೇರಿಕೊಂಡೆವು, ನಾಲ್ಕು ದಿನದ ಮೇಲೆ ಯಾರಿಗೂ ಕೆಮ್ಮು ಬರಲಿಲ್ಲ. ದೂರು ಕೊಟ್ಟ ರೋಸಿನ ರಾಜನನ್ನೂ ನ್ಯಾಯಾಲಯ ಬಿಡಲಿಲ್ಲ. ಎದುರು ಸಂಘದ ಹಬ್ಬಕ್ಕೆ ಕರೆಯದೆ ಬಂದ ತಪ್ಪಿಗೆ, ಹೆಂಡತಿಯ ಕೈಚೀಲ ಹಿಡಿದು ಮೆರವಣಿಗೆಯ ಕೊನೆಯಲ್ಲಿ ನಡೆಯುವ ಶಿಕ್ಷೆ. ಕ್ಲೀಟಸ್ ಬಿಳಿಯ ಟೋಪಿ ಹಾಕಿಕೊಂಡು, ಆ ಚೀಲವನ್ನು ರಾಜದಂಡದಂತೆ ಎದೆಗೆ ಹಿಡಿದು, ಇಡೀ ಊರು ಸುತ್ತಿದ. ಗೈಡಿನ ಲೆಕ್ಕದಲ್ಲಿ ಇನ್ನೊಂದು ತಲೆ ಕಡಿಮೆಯಾಯಿತು. ಅದಕ್ಕೂ ರಸೀದಿ ಕೊಟ್ಟೆ.

ಮಾರನೆಯ ದಿನ ಮಧ್ಯಾಹ್ನ ರಿಸಾರ್ಟಿನ ಕಾರು ಬಂತು. ಮ್ಯಾನೇಜರಿಗೆ ಕೋಪವೇನೂ ಇರಲಿಲ್ಲ. ಬಸ್ಸಿನಲ್ಲಿದ್ದ ಜಾಹೀರಾತಿನ ಫೋಟೋದವನು ತೆಗೆದ ಚಿತ್ರಗಳು ಅವರಿಗೆ ಬಹಳ ಹಿಡಿಸಿದ್ದವು. ಬಂಧನವನ್ನು ಪ್ರತಿ ಗುರುವಾರವೂ ಏರ್ಪಡಿಸಬಹುದೇ ಎಂದು ವಿಚಾರಿಸಿದ್ದರು. ವೆರ್ನೇಟಾಳ ಬಹುಮಾನಕ್ಕೆ ತೊಂದರೆ ಇಲ್ಲವೆಂದೂ, ಉಳಿದ ಎರಡು ದಿನ ಮುಗಿಸಿಕೊಡಬೇಕೆಂದೂ ಹೇಳಿಕಳಿಸಿದ್ದರು. ಯೂಫ್ರೇಜಿ ಹೋದಳು. ಹೊಸ ಪಟ್ಟಿ ಬಿತ್ತು, ಅದೇ ಗುಲಾಬಿ. ಅದೇ ರೂಮು, ಅದೇ ತೆರೆಯದ ಕಿಟಕಿ. ಬೆಳಿಗ್ಗೆ ನಾಲ್ಕೂವರೆಗೆ ಅವಳು ಹಾಡಿದಳಂತೆ, ನಲ್ಲಿ ಬಿಡದೆ. ಪಕ್ಕದ ರೂಮಿನವರು ಊರಿಗೆ ಹೊರಟುಹೋಗಿದ್ದರು. ಕ್ಲೀಟಸ್ ತಲೆದಿಂಬಿನಲ್ಲಿ ಕಿವಿ ಮುಚ್ಚಿಕೊಂಡು ಸುಖವಾಗಿ ನಿದ್ದೆ ಮಾಡಿದ.

ಭಾನುವಾರ ಅವರನ್ನು ಕರೆತರಲು ನಾನೇ ಹೋದೆ. ಹೊರಡುವ ಅತಿಥಿಗಳಿಗೆಲ್ಲ ಕೇಳುವ ಪ್ರಶ್ನೆಗಳ ಹಾಳೆ ಹಿಡಿದು ಮ್ಯಾನೇಜರು ಬಾಗಿಲಲ್ಲಿ ಕಾದಿದ್ದರು. ರೂಮು ಸ್ವಚ್ಛವಾಗಿತ್ತೇ ಎಂದು ಕೇಳಿದರು, ಯೂಫ್ರೇಜಿ ಹಿಂದೆ ನಿಂತಿದ್ದ ವೆರ್ನೇಟಾಳನ್ನು ನೋಡಿ, ಹಂಸದ ಕತ್ತು ಬಿಟ್ಟರೆ ಎಲ್ಲ ಸರಿ ಅಂದಳು. ಅವರು ಬರೆದುಕೊಂಡರು. ಆಮೇಲೆ ಕೊನೆಯ ಪ್ರಶ್ನೆ ಓದಿದರು, ಮುಖದ ತುಂಬ ನಗು ತುಂಬಿಕೊಂಡು.

"ಮತ್ತೆ ಯಾವಾಗ ಬರ್ತೀರಿ ನಮ್ಮಲ್ಲಿಗೆ?"

ಯೂಫ್ರೇಜಿ ಅವರ ಮೇಜಿನಿಂದ ಕತ್ತರಿ ತೆಗೆದುಕೊಂಡು ಪಟ್ಟಿ ಕತ್ತರಿಸಿದಳು.

"ನಾಳೆ ಬೆಳಿಗ್ಗೆ ಆರಕ್ಕೆ" ಅಂದಳು. "ಡ್ಯೂಟಿ ಇದೆ."